ಒಂದು ಜೀವದ ಮೂರು ಹೆಸರು

ಚಂದ್ರ ಲೋಳೆಮೀನನ್ನು ಎಷ್ಟು ಹೊತ್ತು ನೋಡಿದರೂ ನನಗೆ ದಣಿವಾಗುವುದಿಲ್ಲ. ಮಿದುಳಿಲ್ಲ, ಹೃದಯವಿಲ್ಲ, ಎಲುಬಂತೂ ಇಲ್ಲವೇ ಇಲ್ಲ; ಮೈಯೆಲ್ಲ ಬಹುಪಾಲು ನೀರು. ಆದರೂ ಆ ತೆಳುಗೊಡೆ ಮುದುಡಿ ಅರಳುತ್ತ, ಅರಳಿ ಮುದುಡುತ್ತ ತೇಲುವಾಗ ಅವಸರವೆಂಬುದೇ ಲೋಕದಲ್ಲಿಲ್ಲ ಅನ್ನಿಸುತ್ತದೆ. ಕೊಡೆಯ ನಡುವೆ ಲಾಳದಾಕಾರದ ನಾಲ್ಕು ಗುರುತುಗಳು ಹೊರಗೇ ಕಾಣುತ್ತವೆ. ಅವೇ ಅದರ ಸಂತಾನದ ಅಂಗಗಳು. ಒಡಲಿನದೇನನ್ನೂ ಮುಚ್ಚಿಡದ ಪ್ರಾಣಿ ಇದು.

ವಿಜ್ಞಾನಿಗಳು ನಿಜವಾದ ಲೋಳೆಮೀನು ಎಂದು ಒಪ್ಪುವುದು ಸ್ಕೈಫೊಜೋವ ವರ್ಗದವನ್ನು ಮಾತ್ರ. ವಿಷಕ್ಕೆ ಹೆಸರಾದ ಪೋರ್ಚುಗೀಸ್ ಮ್ಯಾನ್ ಆಫ್ ವಾರ್ ಈ ವರ್ಗದ್ದಲ್ಲ. ಚಂದ್ರ ಲೋಳೆಮೀನು ಸೇರುವುದು ಈ ವರ್ಗದ ಉಲ್ಮಾರಿಡೆ ಕುಟುಂಬಕ್ಕೆ. ಕೊಡೆಯೊಳಗೆ ಕವಲೊಡೆದು ಅಂಚಿನವರೆಗೆ ಹರಿಯುವ ಸಣ್ಣ ನಾಳಗಳು ಈ ಮನೆತನದ ಗುರುತು.

ಹೆಸರುಗಳ ಕಥೆ ಇನ್ನೂ ಸೊಗಸು. ಪ್ರಕೃತಿವಿಜ್ಞಾನಿ ಲಿನಿಯಸ್ 1758ರಲ್ಲಿ ಚಂದ್ರ ಲೋಳೆಮೀನನ್ನು ಮೆಡೂಸ ಆರಿಟ ಎಂದು ಕರೆದ. 1829ರಲ್ಲಿ ನಾರ್ವೆಯ ಮೈಕೇಲ್ ಸಾರ್ಸ್ ಕಡಲಿನ ಎರಡು ಪುಟ್ಟ ಜೀವಿಗಳನ್ನು ವರ್ಣಿಸಿದ. ಕೆಲವೇ ಮಿಲಿಮೀಟರಿನ, ಬಂಡೆಗೆ ಅಂಟಿಕೊಂಡ ಒಂದಕ್ಕೆ ಸ್ಕೈಫಿಸ್ಟೋಮ ಎಂದೂ, ಮದುವೆಮನೆಯಲ್ಲಿ ಪೇರಿಸಿಟ್ಟ ತಟ್ಟೆಗಳಂತಿದ್ದ ಇನ್ನೊಂದಕ್ಕೆ ಸ್ಟ್ರೋಬಿಲ ಎಂದೂ ಹೆಸರಿಟ್ಟ. ಮುಂದೆ ಪಾದ್ರಿಯಾಗಿ ಬರ್ಗೆನ್ ಕಡೆಯ ಕರಾವಳಿಯಲ್ಲಿ ನೆಲೆಸಿದ ಸಾರ್ಸ್ ನೋಡುವುದನ್ನು ಬಿಡಲಿಲ್ಲ. ಅಂಟಿಕೊಂಡಿದ್ದ ಜೀವಿಯ ಮೈಯಲ್ಲೇ ಅಡ್ಡಗೆರೆಗಳು ಮೂಡಿ, ಆಳವಾಗಿ, ತಟ್ಟೆಗಳಾಗುತ್ತಿದ್ದವು. ಮೇಲಿನ ತಟ್ಟೆ ಮಿಡಿಯತೊಡಗಿ, ಕಳಚಿಕೊಂಡು, ಎಂಟು ತೋಳಿನ ನಕ್ಷತ್ರವಾಗಿ ಈಜಿಹೋಗುತ್ತಿತ್ತು. ಅದೇ ಬೆಳೆದು ಲೋಳೆಮೀನು! ಬೇರೆ ಬೇರೆ ಎಂದುಕೊಂಡಿದ್ದವೆಲ್ಲ ಒಂದೇ ಬಾಳಿನ ಘಟ್ಟಗಳು ಎಂದು ಅವನು 1841ರ ಹೊತ್ತಿಗೆ ಬಿಡಿಸಿ ಹೇಳಿದ. ಅವನಿಟ್ಟ ಹೆಸರುಗಳು ಅಳಿಯಲಿಲ್ಲ. ಆ ಘಟ್ಟಗಳನ್ನು ಇಂದಿಗೂ ಹಾಗೆಯೇ ಕರೆಯುತ್ತಾರೆ. ವರ್ಗೀಕರಣ ಒಣ ಶಾಸ್ತ್ರವೆನ್ನುವವರಿಗೆ ನಾನು ಮೊದಲು ಹೇಳುವುದು ಈ ಪಾದ್ರಿಯ ಕಥೆಯನ್ನೇ.

ನಮ್ಮ ಕಾಲದಲ್ಲಿ ಗಾಳಿ ತಿರುಗಿ ಬೀಸಿದೆ. ಸಾರ್ಸ್ ಹಲವನ್ನು ಒಂದು ಮಾಡಿದ. ಡಿಎನ್‌ಎ ಒಂದನ್ನು ಹಲವಾಗಿಸುತ್ತಿದೆ. ಲೋಕದ ಕಡಲುಗಳಲ್ಲೆಲ್ಲ ಇರುವ ಚಂದ್ರ ಲೋಳೆಮೀನು ಆರಿಟ ಒಂದೇ ಎಂದು ಬಹುಕಾಲ ನಂಬಿದ್ದರು. 2001ರಲ್ಲಿ ಮೈಕೆಲ್ ಡಾಸನ್ ಮತ್ತು ಡೇವಿಡ್ ಜೇಕಬ್ಸ್ ಆ ಹೆಸರಿನಡಿ ಹಲವು ಪ್ರಭೇದಗಳು ಅಡಗಿವೆ ಎಂದು ತೋರಿಸಿದರು. 2021ರಲ್ಲಿ ಮತ್ತೆ 10 ಹೊಸ ಪ್ರಭೇದಗಳಿಗೆ ನಾಮಕರಣವಾಗಿ ಒಟ್ಟು 28 ಆದವು. ಅಕ್ಕಪಕ್ಕ ಇಟ್ಟರೆ ನುರಿತ ಕಣ್ಣೂ ಸೋಲುವಷ್ಟು ಹೋಲಿಕೆ ಕೆಲವಕ್ಕೆ. ಆರಿಟ ಎಂಬ ಹಳೆಯ ಹೆಸರು ಈಗ ಉಳಿದಿರುವುದು ಲಿನಿಯಸ್ ಮತ್ತು ಸಾರ್ಸ್ ಕಂಡ ಆ ಉತ್ತರದ ಕಡಲಿನ ವಂಶಕ್ಕೆ.