ಅರ್ಧ ಸೆಕೆಂಡಿನ ಲೆಕ್ಕ

ನಮ್ಮ ಮನೆಯ ಹಳೆಯ ಲ್ಯಾಪ್‌ಟಾಪ್ ಆನ್ ಮಾಡಿ, ಕಾಫಿ ಕುಡಿದು ಬಂದರೂ ಪರದೆ ತೆರೆದುಕೊಳ್ಳುತ್ತಿರಲಿಲ್ಲ. ಬೇಸಿಗೆ ರಜೆಗೆ ಬಂದ ಮೊಮ್ಮಗಳು ಅದಕ್ಕೆ ‘ಡೆಬಿಯನ್’ ಹಾಕಿಕೊಟ್ಟಳು. ಅದು ಲಿನಕ್ಸ್ ಜಾತಿಯ ಕಾರ್ಯಾಚರಣೆ ವ್ಯವಸ್ಥೆ.

“ಎಷ್ಟಾಯಿತು ಪುಟ್ಟಿ?” ಎಂದೆ.

“ಒಂದು ಪೈಸೆಯೂ ಇಲ್ಲ ತಾತ. ಜನರೇ ಸೇರಿ ಮಾಡಿದ್ದು.”

ಜೀವಮಾನವೆಲ್ಲ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಪುಕ್ಕಟೆ ಎಂದರೆ ಮೊದಲು ಅನುಮಾನ. ಬರೆದವರು ಯಾರು, ತಾಳೆ ನೋಡಿದವರು ಯಾರು ಎಂದು ಕೇಳಿದೆ.

ಅವಳು ಹೇಳಿದ್ದಿಷ್ಟು. 1993ರಲ್ಲಿ ಅಮೆರಿಕದ ಇಯಾನ್ ಮರ್ಡಾಕ್, ಮುಂದೆ ತಮ್ಮ ಪತ್ನಿಯಾದ ಡೆಬ್ರಾ ಹೆಸರಿಗೆ ತಮ್ಮ ಹೆಸರು ಕೂಡಿಸಿ ‘ಡೆಬಿಯನ್’ ಆರಂಭಿಸಿದರು. ಇದರಲ್ಲಿ ಒಂದೊಂದು ತಂತ್ರಾಂಶವೂ ಒಂದೊಂದು ‘ಪ್ಯಾಕೇಜ್’, ದಿನಸಿ ಅಂಗಡಿಯ ಪೊಟ್ಟಣವಿದ್ದಂತೆ. ಒಳಗೇನಿದೆ, ಜೊತೆಗೆ ಇನ್ನೇನು ಬೇಕು ಎಂದು ಮೇಲೆಯೇ ಬರೆದಿರುತ್ತದೆ. ಇಂಥವು ಹತ್ತಾರು ಸಾವಿರ. ನೋಡಿಕೊಳ್ಳುವವರು ನಾನಾ ದೇಶಗಳ ಸ್ವಯಂಸೇವಕರು. ಯಾರಾದರೂ ಕೈಬಿಟ್ಟರೆ ಆ ಪ್ಯಾಕೇಜಿಗೆ ‘ಅನಾಥ’ ಎಂದು ಹೆಸರು. ಇನ್ನೊಬ್ಬರು ಬಂದು ದತ್ತು ತೆಗೆದುಕೊಳ್ಳಬಹುದು. ಕನ್ನಡದ ‘ಗುಬ್ಬಿ’, ‘ನವಿಲು’ ಫಾಂಟ್‌ಗಳೂ ಅಲ್ಲಿವೆ.

ಹೊಸ ಪ್ಯಾಕೇಜ್ ನೇರವಾಗಿ ನಮ್ಮ ಮನೆಗೆ ಬರುವುದಿಲ್ಲ. ಮೊದಲು ‘ಸಿಡ್’ ಎಂಬ ಅಂಗಳ. ‘ಟಾಯ್ ಸ್ಟೋರಿ’ ಸಿನಿಮಾದಲ್ಲಿ ಆಟಿಕೆ ಮುರಿಯುವ ಹುಡುಗನ ಹೆಸರದು! ಮುರಿಯುವುದು ಅಲ್ಲೇ ಮುರಿಯಲಿ. ದೊಡ್ಡ ದೋಷ ಕಾಣದಿದ್ದರೆ ಪರೀಕ್ಷೆಯ ಅಂಗಳಕ್ಕೆ. ಸುಮಾರು ಎರಡು ವರ್ಷಕ್ಕೊಮ್ಮೆ ಎಲ್ಲವೂ ‘ಸ್ಥಿರ’ ಆವೃತ್ತಿಯಾಗಿ ನಮ್ಮ ಕೈಗೆ.

“ಮೋಸ ಆಗಿಲ್ಲವೇ?”

“ಆಗುವುದರಲ್ಲಿತ್ತು ತಾತ.”

ಕಡತಗಳನ್ನು ಚಿಕ್ಕದಾಗಿ ಅಡಕಗೊಳಿಸುವ ‘ಎಕ್ಸ್‌ಜೆಡ್’ ಎಂಬ ತಂತ್ರಾಂಶವನ್ನು ಬಹುಕಾಲದಿಂದ ಒಬ್ಬರೇ, ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. ದಣಿದಿದ್ದರು. ಜಿಯಾ ಟ್ಯಾನ್ ಎಂಬ ಹೆಸರಿನಲ್ಲಿ ಯಾರೋ ನೆರವಿಗೆ ಬಂದರು. ಎರಡು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿ, ನಂಬಿಕೆ ಗಳಿಸಿ, ಕೊನೆಗೆ ಒಳಗೊಂದು ಕಳ್ಳಬಾಗಿಲು ಇಟ್ಟರು. ಅದು ಸಿಡ್ ದಾಟಿ ಪರೀಕ್ಷೆಯ ಅಂಗಳಕ್ಕೂ ಬಂತು. ಆಗ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್‌ಗೆ, ಸಿಡ್ ಇದ್ದ ತಮ್ಮ ಯಂತ್ರಕ್ಕೆ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆ ಅನ್ನಿಸಿತು. ಹೋಗಲಿ ಎಂದು ಬಿಡಲಿಲ್ಲ. ಬೆನ್ನುಹತ್ತಿ ಮೂಲ ಹುಡುಕಿ, 2024ರ ಮಾರ್ಚ್ 29ರಂದು ಎಲ್ಲರಿಗೂ ತಿಳಿಸಿದರು. ಸ್ಥಿರ ಆವೃತ್ತಿ ಬಚಾವಾಯಿತು.

ನನಗೆ ಹಳೆಯ ಸಂಜೆಯೊಂದು ನೆನಪಾಯಿತು. ಶಾಖೆಯ ಲೆಕ್ಕ 27 ಪೈಸೆ ತಾಳೆಯಾಗಲಿಲ್ಲ. “ಜೇಬಿನಿಂದ ಹಾಕಿಬಿಡೋಣ ಸಾರ್” ಎಂದೆ. ಹಿರಿಯ ಸಹೋದ್ಯೋಗಿಯೊಬ್ಬರು ನಕ್ಕು, “ಒಂಬತ್ತರಿಂದ ಭಾಗವಾಗುತ್ತಲ್ಲಯ್ಯ, ಎಲ್ಲೋ ಅಂಕಿ ಹಿಂದುಮುಂದಾಗಿದೆ. ಹುಡುಕು” ಎಂದರು. ರಾತ್ರಿ ಒಂಬತ್ತಕ್ಕೆ ಸಿಕ್ಕಿತು. 63ನ್ನು 36 ಎಂದು ಬರೆದಿದ್ದವನು ನಾನೇ! ರಜೆಯಲ್ಲಿದ್ದವರ ಲೆಡ್ಜರ್ ಕೂಡ ಆ ವಾರ ನನ್ನ ತಲೆಗೇ ಬಿದ್ದಿತ್ತು. ಯಾರಿಗೂ ಹೇಳಿರಲಿಲ್ಲ. ಅವರು ಬೈಯಲಿಲ್ಲ. ಮರುದಿನ ಬಂದವರೇ ಒಂದು ಲೆಡ್ಜರನ್ನು ತಮ್ಮ ಮೇಜಿಗೆ ಎಳೆದುಕೊಂಡರು.

ತಪ್ಪು ಹುಡುಕಿದ್ದಕ್ಕಿಂತ ಆ ಲೆಡ್ಜರ್ ಎಳೆದುಕೊಂಡದ್ದು ದೊಡ್ಡದು ಎಂದು ನನಗೆ ಈಗ ಅನ್ನಿಸುತ್ತದೆ. ಒಬ್ಬರ ತಲೆಯ ಮೇಲೆಯೇ ಹೊರೆ ಬಿಟ್ಟರೆ, ತಪ್ಪೂ ನುಗ್ಗುತ್ತದೆ, ಕಳ್ಳನೂ ನುಗ್ಗುತ್ತಾನೆ.

“ಪುಟ್ಟಿ, ಪ್ರೋಗ್ರಾಂ ಬರೆಯಲು ಬಾರದ ಮುದುಕನಿಗೆ ಇದರಲ್ಲಿ ಏನಾದರೂ ಕೆಲಸ ಉಂಟೇ?”

“ಪ್ಯಾಕೇಜ್‌ಗಳ ವಿವರಣೆ ಇಂಗ್ಲಿಷಿನಲ್ಲಿದೆ. ಕನ್ನಡಕ್ಕೆ ತರುವವರು ಬೇಕು ತಾತ.”

ಕನ್ನಡಕ ಒರೆಸಿಕೊಂಡೆ. “ಕೊಡು ಹಾಗಾದರೆ, ಒಂದು ಲೆಡ್ಜರ್ ನನ್ನ ಮೇಜಿಗೆ.”