ಎರಡು ಫಾತಿಹಾ ಓದುವಷ್ಟು ಹೊತ್ತು

ಕೋವಿಯ ವಿಷಯ ಹೆಂಗಸರಿಗೆ ಯಾಕೆ ಎಂದು ನಿಮಗೆ ಅನಿಸಬಹುದು. ಆದರೆ ಮಲೆನಾಡು, ಕೊಡಗು, ಕರಾವಳಿಯ ಎಷ್ಟೋ ತೋಟದ ಮನೆಗಳಲ್ಲಿ ಇಂದಿಗೂ ಕೋವಿ ಇದೆ. ಅದನ್ನಿಟ್ಟ ಬೀರುವಿನ ಬೀಗದ ಕೈ ಅನೇಕ ಸಲ ಮನೆಯೊಡತಿಯ ಸೆರಗಿನ ತುದಿಯಲ್ಲೇ ಇರುತ್ತದೆ. ಆದ್ದರಿಂದ ಇದು ನಮ್ಮ ವಿಷಯವೂ ಹೌದು.

ನಮ್ಮ ದಾದಾ, ಅಂದರೆ ಅಬ್ಬಾರ ತಂದೆ, ಚಿಕ್ಕಮಗಳೂರಿನ ಕಡೆ ಕೋವಿ ರಿಪೇರಿ ಮಾಡುತ್ತಿದ್ದರು. ಸರಕಾರದ ಲೈಸೆನ್ಸನ್ನು ಚೌಕಟ್ಟು ಹಾಕಿಸಿ ಗೋಡೆಗೆ ನೇತು ಹಾಕಿದ್ದರು. ಬರುತ್ತಿದ್ದುದು ಹೆಚ್ಚಾಗಿ ಹಂದಿ ಓಡಿಸುವ ತೋಟಾ ಕೋವಿಗಳು. ಅಪರೂಪಕ್ಕೆ ಕಾಫಿ ತೋಟದವರ ಹಳೆಯ ಬೇಟೆ ರೈಫಲ್‌ಗಳೂ ಬರುತ್ತಿದ್ದವು. 1972ರ ವನ್ಯಜೀವಿ ಕಾಯ್ದೆಯ ನಂತರ ಅವುಗಳಿಗೆ ಬೇಟೆಯ ಕೆಲಸವಿರಲಿಲ್ಲ. ಆದರೂ ಹಿರಿಯರ ಆಸ್ತಿಯೆಂದು ಕಾಪಾಡಿಕೊಂಡು ಬಂದಿದ್ದರು.

ಅವುಗಳಲ್ಲಿ ಒಂದು ನನಗೆ ಇನ್ನೂ ನೆನಪಿದೆ. .375 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಮ್. 1912ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ತೋಟಾ ಅದು. ಅದರ ಗುಂಡು ಸುಮಾರು ಒಂಬತ್ತೂವರೆ ಮಿಲಿಮೀಟರ್ ದಪ್ಪ, 19 ಗ್ರಾಂ ತೂಕ. ಸೆಕೆಂಡಿಗೆ 750 ಮೀಟರಿಗೂ ಹೆಚ್ಚು ವೇಗದಲ್ಲಿ ಹೊರಡುತ್ತದೆ. ಅಷ್ಟು ಬಲದಿಂದ ಗುಂಡು ಮುಂದೆ ಹೋದರೆ ಕೋವಿ ಹಿಂದಕ್ಕೆ ಒದೆಯಲೇಬೇಕಲ್ಲ! ಆ ಒದೆತಕ್ಕೆ ಗುರಿಕಣ್ಣಿನ ತಿರುಪುಗಳು ಸಡಿಲವಾಗುತ್ತವೆ, ಹೆಗಲಿಗೆ ಆನಿಸುವ ಮರ ಬಿರುಕು ಬಿಡುತ್ತದೆ. ದಾದಾ ಮೊದಲು ನೋಡುತ್ತಿದ್ದುದು ಅವೆರಡನ್ನೇ.

ಅಡಿಗೆಮನೆಗೂ ಆ ಕೆಲಸದಲ್ಲಿ ಪಾಲಿತ್ತು. ಹಳೆಯ ತೋಟಾಗಳ ಕೇಪಿನ ಮದ್ದು ಸುಟ್ಟ ಮೇಲೆ ನಳಿಕೆಯೊಳಗೆ ಒಂದು ಬಗೆಯ ಉಪ್ಪು ಉಳಿಯುತ್ತದೆ. ಅದು ಗಾಳಿಯ ತೇವವನ್ನು ಎಳೆದುಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲವೆಂದು ನಮಗೆಲ್ಲ ಗೊತ್ತಲ್ಲವೇ? ಅದಕ್ಕೆ ನೀರೇ ಬೇಕು. ದಾದಿ ಕೆಟಲಿನಲ್ಲಿ ಕುದಿಯುವ ನೀರು ತಂದುಕೊಡುತ್ತಿದ್ದರು. ದಾದಾ ಅದನ್ನು ನಳಿಕೆಯೊಳಗೆ ಹೊಯ್ದು, ಬಿಸಿಗೆ ಒಣಗಿದ ಮೇಲೆ ಬಟ್ಟೆಯಿಂದ ಒರೆಸಿ ತೆಳುವಾಗಿ ಎಣ್ಣೆ ಸವರುತ್ತಿದ್ದರು.

ನನಗೆ ಹತ್ತು ವರ್ಷವಿದ್ದಾಗ ಆ ದೊಡ್ಡ ರೈಫಲಿನ ಯಜಮಾನರು ಬಂದು, "ಸಾಬ್ರೇ, ಇದು ಯಾವಾಗಲೂ ಗುರಿಗಿಂತ ಕೆಳಗೇ ಹೊಡೆಯುತ್ತೆ" ಎಂದು ದೂರಿದರು. ದಾದಾ ಅವರನ್ನು ಊರಾಚೆಯ ಮಣ್ಣಿನ ದಿಬ್ಬಕ್ಕೆ ಕರೆದುಕೊಂಡು ಹೋದರು. ನಾನೂ ಹಿಂದೆ ಹೋದೆ. ಎರಡು ಸಲ ತೋಟಾ ತುಂಬಿಕೊಟ್ಟು ಹೊಡೆಸಿದರು. ಮೂರನೆಯ ಸಲ ಅವರಿಗೆ ತಿಳಿಯದಂತೆ ಮದ್ದಿಲ್ಲದ ತೋಟಾ ಹಾಕಿದರು. ಯಜಮಾನರು ಟ್ರಿಗರ್ ಎಳೆದರು. ಟಕ್ ಎಂದಿತಷ್ಟೇ, ಈಡು ಹಾರಲಿಲ್ಲ. ಆದರೆ ನಳಿಕೆಯ ತುದಿ ಗೇಣುದ್ದ ಕೆಳಗೆ ಕುಸಿಯಿತು! ಒದೆತ ಬರುತ್ತದೆಂಬ ಭಯಕ್ಕೆ ಅವರ ಕೈಯೇ ಮೊದಲು ಜಗ್ಗುತ್ತಿತ್ತು.

"ಗೌಡ್ರೇ, ಕೋವಿಗೆ ಕಾಯಿಲೆ ಇಲ್ಲ" ಎಂದರು ದಾದಾ. ಯಜಮಾನರು ಒಂದು ಕ್ಷಣ ಸುಮ್ಮನಿದ್ದು ನಕ್ಕುಬಿಟ್ಟರು. ಆ ದಿನ ರಿಪೇರಿಯ ಹಣವನ್ನು ದಾದಾ ಮುಟ್ಟಲಿಲ್ಲ.

ಕೋವಿಯದೇ ತಪ್ಪು ಇರುವುದೂ ಉಂಟು. 1907ರಲ್ಲಿ ಕುಮಾವೂನಿನ ಚಂಪಾವತದಲ್ಲಿ ನರಭಕ್ಷಕ ಹುಲಿಯನ್ನು ಬೆನ್ನಟ್ಟಿದ ಜಿಮ್ ಕಾರ್ಬೆಟ್ ಮೂರೇ ತೋಟಾ ಒಯ್ದಿದ್ದರು. ಅವು ಮುಗಿದಾಗ ತಹಶೀಲ್ದಾರರ ಕೋವಿಯನ್ನು ಎರವಲು ಪಡೆದರು. ಅದರ ನಳಿಕೆಯ ಹಿಂಬದಿ ಸರಿಯಾಗಿ ಕೂಡುತ್ತಲೇ ಇರಲಿಲ್ಲ. ಹುಲಿಯ ಬಾಯಿಗೆ ಇಟ್ಟ ಗುರಿ ಕಾಲಿಗೆ ತಗಲಿತು. ಮೊದಲೇ ಗಾಯಗೊಂಡಿದ್ದ ಹುಲಿ ಸತ್ತದ್ದರಿಂದ ಕಾರ್ಬೆಟ್ ಉಳಿದರು.

ಈಡು ಹಾರದಿದ್ದಾಗ ತಪ್ಪು ಯಾರದೆಂದು ತಿಳಿಯಲು ದಾದಾ ತೋಟಾದ ಕೇಪನ್ನು ನೋಡುತ್ತಿದ್ದರು. ಸೂಜಿಯ ಪೆಟ್ಟು ಆಳವಾಗಿ ಬಿದ್ದಿದ್ದರೆ ತೋಟಾ ಕೆಟ್ಟಿದೆ ಎಂದರ್ಥ. ಪೆಟ್ಟು ಮೇಲುಮೇಲೆ ಬಿದ್ದಿದ್ದರೆ ಹೆಚ್ಚಾಗಿ ಕೋವಿಯ ದೋಷ. ಸ್ಪ್ರಿಂಗ್ ಸೋತಿರಬಹುದು, ಇಲ್ಲವೇ ಹಳೆಯ ಎಣ್ಣೆ ಅಂಟಾಗಿ ಒಳಗೆ ಹಿಡಿದಿರಬಹುದು. ಇನ್ನು ಈಡಿನ ಸದ್ದು ಟುಸ್ ಎಂದು ಸಣ್ಣದಾಗಿ ಕೇಳಿದರೆ ಎರಡನೆಯ ಈಡು ಹೊಡೆಯಲೇಬಾರದು. ಗುಂಡು ನಳಿಕೆಯಲ್ಲೇ ಸಿಕ್ಕಿಕೊಂಡಿದ್ದರೆ ನಳಿಕೆ ಸಿಡಿಯುತ್ತದೆ.

ಆದರೆ ಕೇಪನ್ನು ನೋಡುವುದು ಆಮೇಲೆ. ಅದಕ್ಕೂ ಮೊದಲು ಕಾಯಬೇಕು. ತೇವ ಹಿಡಿದ ತೋಟಾದಲ್ಲಿ ಕಿಡಿ ಕೂಡಲೇ ಮದ್ದಿಗೆ ತಗಲದೆ ಒಳಗೇ ಕನಲುತ್ತಾ, ತಡವಾಗಿ ಹೊತ್ತಿಕೊಳ್ಳಬಹುದು. ನಳಿಕೆಯನ್ನು ದಿಬ್ಬದ ಕಡೆಗೇ ಹಿಡಿದು, ಸೂರಃ ಫಾತಿಹಾವನ್ನು ನಿಧಾನವಾಗಿ ಎರಡು ಸಲ ಓದಬೇಕು. ಆಮೀನ್ ಹೇಳಿದ ಮೇಲೆಯೇ ಬೋಲ್ಟಿಗೆ ಕೈ ಹಾಕಬೇಕು. ಇದು ದಾದಾರ ನಿಯಮ. ಗೌಡರಿಗೆ ಮಾತ್ರ "ಅರವತ್ತರವರೆಗೆ ಎಣಿಸಿ" ಎನ್ನುತ್ತಿದ್ದರು.

ಈ ನಿಯಮ ಎಲ್ಲಿಂದ ಬಂತೆಂದು ನನಗೆ ತಿಳಿದದ್ದು ತಡವಾಗಿ.

ಅಬ್ಬಾರಿಗೆ ಬಲಗಣ್ಣು ಕಾಣುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಏನೋ ಆಗಿತ್ತೆಂದು ನಾವು ಮಕ್ಕಳು ತಿಳಿದಿದ್ದೆವು. ನನ್ನ ಮದುವೆಗೆ ಮುಂಚೆ ಒಂದು ರಾತ್ರಿ ದಾದಿ ಹೇಳಿದರು. 1963ರಲ್ಲಿ, ಅಬ್ಬಾರಿಗೆ ಹತ್ತೊಂಬತ್ತು ವರ್ಷ. ರಿಪೇರಿಯಾದ ದೊಡ್ಡ ರೈಫಲನ್ನು ಪರೀಕ್ಷಿಸಿ ತಾ ಎಂದು ದಾದಾ ಅವರನ್ನು ಕಳಿಸಿದ್ದರು. ಮಳೆಗಾಲ ಕಳೆದಿದ್ದ ತೋಟಾಗಳಿಗೆ ಹಸಿರು ಕಿಲುಬು ಹಿಡಿದಿತ್ತು. ದಾದಾ ಅದನ್ನು ನೋಡಿಯೂ "ನಡೆಯುತ್ತೆ" ಎಂದಿದ್ದರು. ಈಡು ಹಾರಲಿಲ್ಲ. ಅಬ್ಬಾ ಕೂಡಲೇ ಬೋಲ್ಟ್ ಎಳೆದರು. ಬೋಲ್ಟ್ ಎಂದರೆ ತೋಟಾದ ಹಿಂದೆ ಹಾಕುವ ಉಕ್ಕಿನ ಚಿಲಕ. ಅದು ಭದ್ರವಾಗಿದ್ದರೆ ಮದ್ದಿನ ಶಕ್ತಿಯೆಲ್ಲ ಮುಂದಕ್ಕೆ ಹೋಗುತ್ತದೆ. ಚಿಲಕ ತೆರೆಯುವ ಹೊತ್ತಿಗೆ ಮದ್ದು ಹೊತ್ತಿಕೊಂಡಿತು. ಹಿತ್ತಾಳೆಯ ಚೂರು ಹಿಂದಕ್ಕೆ ಹಾರಿ ಕಣ್ಣಿಗೆ ಹೊಕ್ಕಿತು.

"ಅಂದಿನಿಂದ ನಿನ್ನ ದಾದಾ ನಡೆಯುತ್ತೆ ಎಂಬ ಮಾತನ್ನೇ ಆಡಿಲ್ಲ, ಬೇಟಿ" ಎಂದರು ದಾದಿ. ಕೊನೆಯವರೆಗೂ ದಾದಾ "ತಪ್ಪು ನನ್ನದು, ಕಿಲುಬು ಕಂಡೂ ಕೊಟ್ಟೆ" ಎನ್ನುತ್ತಿದ್ದರು. ಅಬ್ಬಾರನ್ನು ಕೇಳಿದರೆ "ತಪ್ಪು ನನ್ನದು, ಆತುರಪಟ್ಟೆ" ಎನ್ನುತ್ತಿದ್ದರು. ತೋಟಾ ಕೊಟ್ಟ ಮನೆಯವರನ್ನು ಇಬ್ಬರೂ ಒಂದು ದಿನವೂ ದೂರಲಿಲ್ಲ. ತಂದೆ ಮಗ ಒಂದೇ ತಪ್ಪನ್ನು ಹೀಗೆ ತನ್ನದು ತನ್ನದೆಂದು ಎಳೆದುಕೊಂಡ ಮನೆಯಲ್ಲಿ ಬೆಳೆದದ್ದು ನನ್ನ ಭಾಗ್ಯ. ಇಬ್ಬರೂ ಈಗ ಅಲ್ಲಾಹನ ಬಳಿಗೆ ಹೋಗಿದ್ದಾರೆ. ಅಲ್ಲಾಹನು ಅವರ ಕಬರ್‌ಗಳನ್ನು ವಿಶಾಲಗೊಳಿಸಲಿ.

ಬಾಣಗಳನ್ನು ಹಿಡಿದು ಮಸೀದಿಯಲ್ಲಾಗಲಿ ಸಂತೆಯಲ್ಲಾಗಲಿ ನಡೆಯುವವನು ಯಾರಿಗೂ ತಗಲದಂತೆ ಅವುಗಳ ಮೊನೆಯನ್ನು ಹಿಡಿದುಕೊಳ್ಳಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ತಮಾಷೆಗೂ ಸಹೋದರನತ್ತ ಆಯುಧ ತೋರಿಸಬಾರದೆಂದು ಎಚ್ಚರಿಸಿದ್ದಾರೆ. ಜೀವವಿರುವ ಪ್ರಾಣಿಯನ್ನು ಕಟ್ಟಿಹಾಕಿ ಗುರಿಯಾಗಿಸುವುದನ್ನು ನಿಷೇಧಿಸಿದ್ದಾರೆ. ಬಿಲ್ಲುಬಾಣದ ಕಾಲಕ್ಕೇ ಇಷ್ಟು ಎಚ್ಚರ ಬೇಕಿದ್ದರೆ ಇಂದಿನ ಕೋವಿಗೆ ಎಷ್ಟು ಬೇಕು!

ಸಹೋದರಿಯರೇ, ನಿಮ್ಮ ಮನೆಯಲ್ಲಿ ಕೋವಿ ಇದ್ದರೆ ಕೋವಿಗೊಂದು ಬೀಗ, ತೋಟಾಕ್ಕೊಂದು ಬೀಗ ಇರಲಿ. ಕಿಲುಬು ಹಿಡಿದ ತೋಟಾಗಳನ್ನು ಉಳಿತಾಯವೆಂದು ಇಟ್ಟುಕೊಳ್ಳಬೇಡಿ. ಒಲೆಗೋ ಕೆರೆಗೋ ಎಸೆಯಲೂ ಬೇಡಿ, ಪೊಲೀಸ್ ಠಾಣೆಯಲ್ಲಿ ವಿಚಾರಿಸಿ ಒಪ್ಪಿಸಿ. ಲೈಸೆನ್ಸ್ ಇದ್ದವರು ತೀರಿಕೊಂಡರೆ ಕೋವಿಯನ್ನು ಬೀರುವಿನಲ್ಲೇ ಬಿಡುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಅದನ್ನು ಠಾಣೆಗೆ ಅಥವಾ ಲೈಸೆನ್ಸ್ ಇರುವ ಕೋವಿ ಅಂಗಡಿಗೆ ಒಪ್ಪಿಸಿ, ಬೇಕಿದ್ದರೆ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬೇಕು.

ಈಗ ನಮ್ಮ ಮನೆಯಲ್ಲಿ ಕೋವಿ ಇಲ್ಲ. ಆದರೆ ಸೊಸೆಯ ಮೇಲೋ ಮಗನ ಮೇಲೋ ಸಿಟ್ಟು ಬಂದು ಮಾತು ನಾಲಿಗೆಯ ತುದಿಗೆ ಬಂದಾಗ ನಾನು ಬಾಯಿ ಮುಚ್ಚಿ ಎರಡು ಫಾತಿಹಾ ಓದುತ್ತೇನೆ. ಎಷ್ಟೋ ಸಲ ಆಮೀನ್ ಹೇಳುವಷ್ಟರಲ್ಲಿ ಜಗ್ಗಿದ್ದು ನನ್ನ ಕೈಯೇ ಎಂದು ತಿಳಿದಿರುತ್ತದೆ.