ಖಂಡಸ್ಫುಟಿತ ಜೀರ್ಣೋದ್ಧಾರ

ಬಸದಿ-ದೇಗುಲಗಳ ದತ್ತಿಶಾಸನಗಳನ್ನು ಓದುವವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಚಿರಪರಿಚಿತ. ದೇವರ ಅಷ್ಟವಿಧಾರ್ಚನೆ, ಋಷಿಯರ ಆಹಾರದಾನಗಳೊಡನೆ, ಒಡೆದುದನ್ನೂ ಬಿರುಕುಬಿಟ್ಟುದನ್ನೂ ಸರಿಪಡಿಸುವ ವೆಚ್ಚಕ್ಕಾಗಿಯೂ ಭೂಮಿಯನ್ನು ಬಿಡುತ್ತಿದ್ದರು. ಕಟ್ಟಡಕ್ಕೂ ಮುಪ್ಪುಂಟೆಂಬ ಅರಿವು ಕಟ್ಟಿಸಿದವರಿಗಿತ್ತು. ದಾನ ಮತ್ತು ಪಾಲನೆಗಳಲ್ಲಿ ಪಾಲನೆಯೇ ಶ್ರೇಯಸ್ಕರವೆಂಬ ಅರ್ಥದ ಶ್ಲೋಕವೊಂದು ಅನೇಕ ಶಾಸನಗಳ ಕೊನೆಯಲ್ಲಿ ಬರುತ್ತದೆ. ಅದನ್ನು ತರಗತಿಯಲ್ಲಿ ವಿವರಿಸಿ, ಊರಿನ ಪಾಳು ಬಸದಿಯ ಮುಂದೆ ಸುಮ್ಮನೆ ಹಾದುಹೋಗುವುದು ನಮ್ಮಂಥ ಅಧ್ಯಾಪಕರಿಗೆ ಸಲ್ಲದು.

ಗದುಗಿನ ಸಮೀಪದ ಲಕ್ಕುಂಡಿ ಇದಕ್ಕೆ ಒಳ್ಳೆಯ ಪಾಠಶಾಲೆ. ರನ್ನನ ‘ಅಜಿತಪುರಾಣ’ಕ್ಕೆ ಆಶ್ರಯವಿತ್ತ ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬಸದಿ ಅಲ್ಲಿದೆ, ಆಕೆಯ ಶಾಸನದ ಕಾಲ ಕ್ರಿ.ಶ. 1007. ಈಕೆಯೇ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದವಳೆಂಬುದು ಪ್ರಸಿದ್ಧ. ಓಲೆ ಗೆದ್ದಲಿಗೆ ತುತ್ತಾಗುತ್ತದೆ, ಆದುದರಿಂದ ಪ್ರತಿ ಮಾಡಿಸಬೇಕು. ಆದರೆ ಕಲ್ಲಿನ ಬಸದಿಗೆ ಪ್ರತಿಯಿಲ್ಲ. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ನಾನು ಈ ವ್ಯತ್ಯಾಸವನ್ನೇ ಮೊದಲು ಹೇಳುತ್ತೇನೆ.

ಇಂಥ ಕಟ್ಟಡಗಳು ಒಂದೇ ದಿನದಲ್ಲಿ ಬೀಳುವುದಿಲ್ಲ. ಹಕ್ಕಿ ಉದುರಿಸಿದ ಅರಳಿಯ ಬೀಜ ಶಿಖರದ ಸಂದಿಯಲ್ಲಿ ಮೊಳೆಯುತ್ತದೆ. ಗಾರೆಯಿಲ್ಲದೆ ಜೋಡಿಸಿದ ಕಲ್ಲುಗಳನ್ನು ಬೇರು ಮೆಲ್ಲಗೆ ಸಡಿಲಿಸುತ್ತದೆ. ಸಡಿಲಾದಲ್ಲಿ ಮಳೆನೀರು ಇಳಿಯುತ್ತದೆ. ಆರಂಭದಲ್ಲಿಯೇ ಗಿಡವನ್ನು ಕಿತ್ತು, ಮೇಲ್ಛಾವಣಿಯ ನೀರಿಗೆ ದಾರಿ ಮಾಡಿದರೆ ಅರ್ಧ ಜೀರ್ಣೋದ್ಧಾರ ಆದಂತೆಯೇ.

ಆದರೆ ಅಲಕ್ಷ್ಯಕ್ಕಿಂತ ಅತಿಭಕ್ತಿಯೇ ಹೆಚ್ಚು ಹಾನಿ ಮಾಡಿದ ನಿದರ್ಶನವೂ ನನ್ನ ಕಣ್ಣ ಮುಂದಿದೆ. ಹೆಸರಿಸಲು ಇಚ್ಛಿಸದ ಒಂದು ಸಣ್ಣ ಪಟ್ಟಣದ ಬಸದಿಯಲ್ಲಿ, ನವರಂಗದ ಗೋಡೆಯ ಮೇಲೆ ಕೆಲವು ಸಾಲುಗಳ ನಿಸಿಧಿ ಶಾಸನವಿತ್ತು. ಊರವರು ಚಂದಾ ಎತ್ತಿ, ನಿಜವಾದ ಶ್ರದ್ಧೆಯಿಂದ ಜೀರ್ಣೋದ್ಧಾರ ಮಾಡಿದರು. ಗೋಡೆಗೆ ಸಿಮೆಂಟು ಮೆತ್ತಿ, ಅದರ ಮೇಲೆ ನುಣುಪಾದ ಗ್ರಾನೈಟ್ ಹಾಸಿದರು. ಸಲ್ಲೇಖನದಿಂದ ಮುಡಿಪಿದ ಒಬ್ಬ ಶ್ರಾವಕಿಯ ಹೆಸರು ಅದರ ಹಿಂದೆ ಸೇರಿಹೋಯಿತು. ಎದುರಿಗೆ ದಾನಿಗಳ ಹೆಸರಿನ ಹೊಸ ಫಲಕವಿದೆ. ಯಾರನ್ನು ದೂರಲಿ? ಆ ಬಸದಿಯ ಹೊಸ್ತಿಲಲ್ಲಿ ಈಗ ದೀಪ ಉರಿಯುತ್ತಿದೆ, ಹತ್ತು ವರ್ಷದ ಹಿಂದೆ ಬಾವಲಿಗಳಿದ್ದವು. ಸಿಮೆಂಟು ಮಾತ್ರ ಸುಮ್ಮನಿರುವುದಿಲ್ಲ. ಅದು ಒಳಗಿನ ತೇವವನ್ನು ಹೊರಬಿಡದು. ಉಪ್ಪು ಹರಳುಗಟ್ಟಿ ಮೃದುವಾದ ಕಲ್ಲಿನ ಮೈ ಪದರಪದರವಾಗಿ ಉದುರುತ್ತದೆ. ಸುಣ್ಣದ ಗಾರೆಯಾದರೆ ಉಸಿರಾಡುತ್ತದೆ, ಬೇಕೆಂದಾಗ ಬಿಡಿಸಿ ತೆಗೆಯಲೂ ಬರುತ್ತದೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ವಿವೇಕ ಹೊಸದಲ್ಲ. ಗ್ರಂಥಸಂಪಾದಕನು ತ್ರುಟಿತವಾದ ಕಡೆ ಚುಕ್ಕೆಗಳನ್ನಿಡುತ್ತಾನೆ. ಊಹಿಸಿದ ಅಕ್ಷರವನ್ನು ಕಂಸದಲ್ಲಿ ತೋರಿಸುತ್ತಾನೆ. ತನ್ನ ಪದ್ಯವನ್ನು ಕವಿಯದೆಂದು ಸೇರಿಸುವುದಿಲ್ಲ. 1964ರ ವೆನಿಸ್ ಸನ್ನದು ಕಟ್ಟಡಗಳ ವಿಷಯದಲ್ಲಿ ವಿಧಿಸುವುದೂ ಇದನ್ನೇ: ಊಹೆ ಆರಂಭವಾಗುವಲ್ಲಿ ಪುನರುದ್ಧಾರ ನಿಲ್ಲಬೇಕು, ಹೊಸದಾಗಿ ಸೇರಿಸಿದ್ದು ಹಳೆಯದರೊಡನೆ ಹೊಂದಿಕೊಂಡೂ ಬೇರೆಯೆಂದು ತಿಳಿಯಬೇಕು. ಮುರಿದ ಮುಕ್ಕೊಡೆಯ ಜಾಗದಲ್ಲಿ ಬರಿದಾದ ಕಲ್ಲೊಂದನ್ನು ಇಟ್ಟರೆ ಅದು ಲೋಪವಲ್ಲ, ಪ್ರಾಮಾಣಿಕತೆ.

ಹಾಗೆಂದು ಎಲ್ಲವನ್ನೂ ಸರ್ಕಾರಕ್ಕೆ ಬಿಟ್ಟು ಕೂರಲಾಗದು. ಸಂರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರದ ಬಸದಿ, ಮಠ, ಬಾವಿ, ವಾಡೆಗಳೇ ಸಣ್ಣ ಊರುಗಳಲ್ಲಿ ಹೆಚ್ಚು. ಧರ್ಮಸ್ಥಳದ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ರಾಜ್ಯ ಪುರಾತತ್ತ್ವ ಇಲಾಖೆಯೊಡನೆ ಸೇರಿ, ಊರವರ ಪಾಲನ್ನೂ ಕೂಡಿಸಿಕೊಂಡು ಅನೇಕ ಶಿಥಿಲ ದೇಗುಲಗಳನ್ನು ಎತ್ತಿ ನಿಲ್ಲಿಸಿರುವುದು ಅನುಸರಿಸತಕ್ಕ ಮಾರ್ಗ.

ಸಂಶೋಧಕರ ಪಾಲಿನ ಕೆಲಸ ಅದಕ್ಕಿಂತ ಸರಳವಾದುದು, ಆದರೆ ಮೊದಲು ಆಗಬೇಕಾದುದು. ನಿಮ್ಮ ಊರಿನ ಒಂದು ಹಳೆಯ ಕಟ್ಟಡವನ್ನು ಅಳೆಯಿರಿ, ಎಲ್ಲ ಗೋಡೆಗಳ ಛಾಯಾಚಿತ್ರ ತೆಗೆಯಿರಿ, ಶಾಸನವಿದ್ದರೆ ಪಡಿಯಚ್ಚು ತೆಗೆದು ಪಾಠವನ್ನು ಬರೆದುಕೊಳ್ಳಿ. ಒಂದು ಪ್ರತಿಯನ್ನು ಜೀರ್ಣೋದ್ಧಾರ ಸಮಿತಿಯ ಹಿರಿಯರ ಕೈಯಲ್ಲಿಟ್ಟು, ಯಾವ ಗೋಡೆಯಲ್ಲಿ ಯಾರ ಹೆಸರಿದೆಯೆಂದು ಓದಿ ಹೇಳಿ. ಓದಿ ಕೇಳಿದ ಹೆಸರಿನ ಮೇಲೆ ಕಲ್ಲು ಹಾಸಲು ಸಾಮಾನ್ಯವಾಗಿ ಯಾರಿಗೂ ಮನಸ್ಸು ಬರುವುದಿಲ್ಲ.